ಕೇಳಿದ್ದಕ್ಕೆಲ್ಲ ಹೂಂ

ಆ ಮನೆಗೆ ಕಂಪ್ಯೂಟರ್ ಬಂದದ್ದು ಮಾವನ ಬಲಗೈಗೋಸ್ಕರ. ಕೇಳಿದವರಿಗೆ ನಗು ಬರಬಹುದು, ಬರಲಿ. ಇದ್ದ ವಿಷಯವನ್ನು ಇದ್ದ ಹಾಗೆ ಹೇಳಬೇಕಲ್ಲ.

ಮಾವ ನಲವತ್ತು ವರ್ಷ ಊರಿನವರ ತಲೆಗೂದಲು ಕತ್ತರಿಸಿದ ಮನುಷ್ಯ. ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಅವರ ಕಟಿಂಗ್ ಶಾಪು. ಅಲ್ಲಿ ಎರಡೇ ಕುರ್ಚಿ. ಕಿಟಕಿ ಕಡೆಯದು ಮಾವನದು, ಗೋಡೆ ಕಡೆಯದು ಅವರ ಪಾಲುದಾರನದು. ಒಂದು ಬೆಳಿಗ್ಗೆ ಗಿರಾಕಿಯೊಬ್ಬನ ಕಿವಿಯ ಹಿಂದೆ ಕತ್ತರಿ ಆಡಿಸುತ್ತಿದ್ದಾಗ ಅದು ಕೈಯಿಂದ ಜಾರಿ ಬಿತ್ತು. ಎತ್ತಿಕೊಳ್ಳೋಣ ಅಂತ ಬಗ್ಗಿದವರು ಹಾಗೇ ಕುಸಿದುಬಿಟ್ಟರು. ಆಸ್ಪತ್ರೆಯಿಂದ ವಾಪಸಾಗುವ ಹೊತ್ತಿಗೆ ಮಾತು ಸರಿಹೋಗಿತ್ತು, ಎಡವಿಕೊಂಡಾದರೂ ನಡೆಯುತ್ತಿದ್ದರು. ಬಲಗೈ ಮಾತ್ರ ತನಗೂ ಆ ಮೈಗೂ ಸಂಬಂಧವೇ ಇಲ್ಲವೇನೋ ಎಂಬಂತೆ ತೊಡೆಯ ಮೇಲೆ ಬಿದ್ದುಕೊಂಡಿರುತ್ತಿತ್ತು.

ಪಾಲುದಾರ ಒಳ್ಳೆಯವನೇ. ಆಸ್ಪತ್ರೆಗೆ ಬಂದು ಹಾಸಿಗೆ ಪಕ್ಕ ಕೂತು ಹೇಳಿದ್ದ, "ನೋಡಪ್ಪ, ಮಳೆಗಾಲ ಮುಗಿಯೋ ತನಕ ನಿನ್ನ ಕುರ್ಚಿಗೆ ಯಾರನ್ನೂ ಕೂರಿಸಲ್ಲ. ಅಷ್ಟರೊಳಗೆ ಕೈ ಬಂದ್ರೆ ಕುರ್ಚಿ ನಿಂದೇ. ಬರದಿದ್ರೆ ಇನ್ನೊಬ್ಬನ್ನ ತಗೋಬೇಕಾಗುತ್ತೆ. ನನಗೂ ಮನೆಮಠ ಇದೆ, ಬೇಜಾರು ಮಾಡ್ಕೋಬೇಡ." ಮಾವ ಆ ಮಾತನ್ನು ಕೇಳಿದ್ದೇ ಕೇಳಿದ್ದು, ಆವತ್ತಿನಿಂದ ಮನೆಯಲ್ಲಿ ಊಟಕ್ಕೆ ಕೂತರೂ ಅದೇ ಮಾತು, ಎದ್ದರೂ ಅದೇ ಮಾತು.

ವ್ಯಾಯಾಮ ಮಾಡಿಸಲು ಬಂದವನನ್ನು ಎರಡೇ ದಿನಕ್ಕೆ ಓಡಿಸಿದರು. "ಮೀಸೆ ಸರಿಯಾಗಿ ಮೂಡಿಲ್ಲ, ನನ್ನ ಕೈ ಹಿಡ್ಕೊಂಡು ತಾರಮ್ಮಯ್ಯ ಆಡಿಸ್ತಾನೆ!" ಅಂತ ಕೂಗಾಡಿದರು. ಆಮೇಲೆ ಸಮುದ್ರದಾಚೆ ಇರುವ ಮಗಳು ಒಂದು ಪೆಟ್ಟಿಗೆ ಕಳಿಸಿದಳು. ಪೆಟ್ಟಿಗೆಯೊಳಗೆ ನಾಲ್ಕು ವಿಡಿಯೋ ಡಿಸ್ಕು, ಒಂದು ಹಳದಿ ರಬ್ಬರ್ ಚೆಂಡು. ಕೈ ಬಿದ್ದವರು ಮನೆಯಲ್ಲೇ ಕೂತು ನೋಡಿಕೊಂಡು ಮಾಡುವ ವ್ಯಾಯಾಮವಂತೆ. ಮಾವ ಪೆಟ್ಟಿಗೆಯನ್ನು ಎಡಗೈಯಲ್ಲಿ ಎದೆಗವಚಿಕೊಂಡು, "ಮಗಳು ಕಳಿಸಿದ್ದಾಳೆ, ಮಾಡ್ತೀನಿ," ಅಂದರು. ಮಗ ಮಾರನೆಯ ವಾರವೇ ಯಾವುದೋ ಆಫೀಸಿನವರು ಮಾರಿದ ಹಳೇ ಕಂಪ್ಯೂಟರನ್ನು ಹೊತ್ತು ತಂದ.

ಮಗ ಅಂದರೆ ನಮ್ಮ ಸೊಸೆಯ ಗಂಡ. ಲಿಫ್ಟ್ ರಿಪೇರಿ ಅವನ ಕೆಲಸ. ನಿಂತ ಲಿಫ್ಟನ್ನು ಇಳಿಸುತ್ತಾನೆ, ಸಿಕ್ಕಿಹಾಕಿಕೊಂಡವರನ್ನು ಬಿಡಿಸುತ್ತಾನೆ, ಆ ಜಂಬದಲ್ಲಿ ಜಗತ್ತಿನ ಯಾವ ಯಂತ್ರವೂ ತನ್ನ ಮಾತು ಮೀರುವುದಿಲ್ಲ ಅಂದುಕೊಂಡಿದ್ದಾನೆ. ಸೊಸೆ ಯೂನಿಫಾರಂ ಹೊಲಿಯುವ ಕಾರ್ಖಾನೆಯಲ್ಲಿ ಕಾಜಾ ವಿಭಾಗದವಳು. ದಿನವಿಡೀ ಅಂಗಿಗಳಿಗೆ ಗುಂಡಿ ತೂರುವ ಕಂಡಿ ಹೊಲಿಯುತ್ತಾಳೆ. ಒಂದು ಕೂದಲೆಳೆ ಆಚೀಚೆಯಾದರೂ ಅಂಗಿ ಹಾಳು, ಹಾಗಾಗಿ ಅವಳಿಗೆ ಎಲ್ಲವನ್ನೂ ನೋಡಿ ಮುಟ್ಟುವ ಅಭ್ಯಾಸ. ಇಂಥ ಗಂಡನಿಗೆ ಇಂಥ ಹೆಂಡತಿ.

ಮೊದಲ ದಿನ ಡಿಸ್ಕು ಹಾಕಿದಾಗ ಪರದೆಯ ಮೇಲೆ ಒಂದು ಚೌಕ ಬಂತು.

"ಏನೋ ಕೇಳ್ತಿದೆ ರೀ," ಅಂದಳು ಸೊಸೆ.

"ಏನಂತೆ?"

"ಈ ಡಿಸ್ಕು ಬೇರೆ ಕಡೆಯದಂತೆ. ಇದಕ್ಕೆ ತಕ್ಕ ಹಾಗೆ ಬದಲಾಯಿಸಲಾ ಅಂತ ಕೇಳ್ತಿದೆ. ಕೆಳಗೆ ಇನ್ನೂ ಏನೋ ಬರೆದಿದೆ ಇರಿ, ಓದ್ತೀನಿ."

"ಓದ್ತಾ ಕೂತ್ರೆ ಬೆಳಕು ಹರಿಯುತ್ತೆ. ಇದು ಕೇಳಿದ್ದಕ್ಕೆಲ್ಲ ಹೂಂ ಅನ್ಬೇಕು. ಇಲ್ಲ ಅಂದ್ರೆ ಮುಖ ತಿರುಗಿಸ್ಕೊಳ್ಳುತ್ತೆ." ಗಂಡ ಅವಳ ಭುಜದ ಮೇಲಿಂದ ಕೈ ಚಾಚಿ ಗುಂಡಿ ಒತ್ತಿಯೇಬಿಟ್ಟ. ಚೌಕ ಮಾಯವಾಯಿತು. ಬಿಳಿ ಷರ್ಟು ಹಾಕಿದ ಹೆಂಗಸೊಬ್ಬಳು ನಗುನಗುತ್ತ ಬಂದು ಕೈ ಮೇಲೆತ್ತಿದಳು. "ನೋಡಿದ್ರಾ?" ಅಂದ ಗಂಡ, ಅವಳನ್ನು ತಾನೇ ಹೆತ್ತವನ ಹಾಗೆ.

ಅವತ್ತಿನಿಂದ ಅದೇ ಮನೆಯ ಕಾನೂನಾಯಿತು. ಕೇಳಿದ್ದಕ್ಕೆಲ್ಲ ಹೂಂ.

ಬೆಳಿಗ್ಗೆ ತಿಂಡಿ ಮುಗಿದ ಮೇಲೆ ಅತ್ತೆ ಕಂಪ್ಯೂಟರ್ ಹಚ್ಚಿ, ಡಿಸ್ಕು ಹಾಕಿ, ಹೊರಗೆ ಬರುವುದು. ಮಾವ ಒಳಗಿನಿಂದ ಬಾಗಿಲು ಹಾಕಿಕೊಳ್ಳುವುದು. ಯಾರೂ ಬರಕೂಡದು. ಬಾಗಿಲಾಚೆಯಿಂದ ಬಿಳಿ ಷರ್ಟಿನವಳ ದನಿ ಕೇಳುತ್ತಿತ್ತು. ಅವಳ ಭಾಷೆ ಯಾರಿಗೂ ಅರ್ಥವಾಗದು, ಆದರೆ ಎಣಿಸುತ್ತಿದ್ದಾಳೆ ಅನ್ನುವುದು ತಿಳಿಯುತ್ತಿತ್ತು. ಮುಗಿದ ಮೇಲೆ ಮಾವ ಹಣೆ ಒರೆಸಿಕೊಳ್ಳುತ್ತ ಹೊರಗೆ ಬರುತ್ತಿದ್ದರು.

"ಹೇಗಿದೆ ಮಾವ?"

"ಹೂಂ, ಬರ್ತಾ ಇದೆ."

ಸಂಜೆ ಮಗ ಬಂದರೂ ಅದೇ. "ಹೇಗಿದೆ ಅಪ್ಪ?" "ಬರ್ತಾ ಇದೆ ಕಣೋ." ಪಾಲುದಾರ ಫೋನ್ ಮಾಡಿದರೂ ಅದೇ. "ಬರ್ತಾ ಇದೆ, ಬರ್ತಾ ಇದೆ, ಕುರ್ಚಿ ಮೇಲಿನ ಧೂಳು ಹೊಡೀತಿರು." ಇಷ್ಟಾದರೂ ಊಟದ ಹೊತ್ತಿಗೆ ಆ ಕೈ ತೊಡೆ ಬಿಟ್ಟು ಮೇಲೇಳುತ್ತಿರಲಿಲ್ಲ. ಅತ್ತೆಯೇ ಚಮಚದಲ್ಲಿ ಅನ್ನ ಕಲಸಿ ತುತ್ತು ಕೊಡಬೇಕು. ತುತ್ತು ಕೊಡುತ್ತಲೇ ಅತ್ತೆ ಮೂಗು ಮುರಿಯುತ್ತಿದ್ದರು, ಆದರೆ ಬಾಯಿ ಬಿಡುತ್ತಿರಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡಿರುವ ಜಾತಿಯೇ ಅಲ್ಲ ಅತ್ತೆ, ಹಾಲಿನವನೂ ಅವರಿಗೆ ಹೆದರುತ್ತಾನೆ. ಅಂಥವರು ಸುಮ್ಮನಿದ್ದದ್ದು ಸೊಸೆಗೆ ಆಶ್ಚರ್ಯ. ಇನ್ನೊಂದು ದಿನ ಮಂಚದ ಕೆಳಗೆ ಗುಡಿಸುವಾಗ ಆ ಹಳದಿ ಚೆಂಡು ಸಿಕ್ಕಿತು. ಮೈತುಂಬ ಧೂಳು, ಕೂದಲು. ಉರುಳಿ ಹೋಗಿರಬೇಕು ಅಂದುಕೊಂಡು ಒರೆಸಿ ಮೇಜಿನ ಮೇಲಿಟ್ಟಳು.

ಮೂರು ನಾಲ್ಕು ವಾರ ಹೀಗೇ ಸಾಗಿತು. ಒಂದು ಬೆಳಿಗ್ಗೆ ಸೊಸೆ ಚಪ್ಪಲಿ ಹಾಕಿಕೊಂಡು ಬಾಗಿಲು ದಾಟುತ್ತಿದ್ದಳು, ಒಳಗಿನಿಂದ ಅತ್ತೆಯ ಕೂಗು.

"ಏ ಹುಡುಗಿ, ಬಾ ಇಲ್ಲಿ! ಇದೇನೋ ಚೌಕ ಹಾಕ್ಕೊಂಡು ಕೂತಿದೆ!"

"ಅತ್ತೆ, ಬಸ್ಸು ಹೋಗುತ್ತೆ. ಹೂಂ ಅನ್ನಿ."

"ನಾನು ಮುಟ್ಟಲ್ಲಪ್ಪ. ನೀನೇ ಬಾ."

ಅತ್ತೆಯ ಮುಖ ಬಿಳಿಚಿಕೊಂಡಿತ್ತು. ಮಾವ ಕುರ್ಚಿಯಲ್ಲಿ ಕೂತು ಅವಸರ ಮಾಡುತ್ತಿದ್ದರು, "ಬೇಗ ಹಾಕಮ್ಮ, ಒಂದು ದಿನ ತಪ್ಪಿದ್ರೆ ಕೈ ಹಿಂದಕ್ಕೆ ಹೋಗುತ್ತೆ." ಸೊಸೆ ಬಗ್ಗಿ ನೋಡಿದಳು. ಮೊದಲ ದಿನ ಬಂದಿದ್ದಂಥದೇ ಚೌಕ. ಈ ಡಿಸ್ಕು ಬೇರೆ ಕಡೆಯದು, ಬದಲಾಯಿಸಲಾ? ಇಷ್ಟು ದಿನ ಕೇಳದೆ ಓಡಿದ್ದು ಈಗ ಯಾಕೆ ಕೇಳುತ್ತಿದೆ ಅಂತ ತಲೆಬುಡ ತಿಳಿಯಲಿಲ್ಲ. ಹೂಂ ಒತ್ತಿದಳು. ಒತ್ತಿದ ಮೇಲೆ ಕಣ್ಣಿಗೆ ಬಿತ್ತು, ಕೆಳಗಿನ ಸಾಲಿನಲ್ಲಿ ಒಂದು ಅಂಕಿ ಇತ್ತು. ಇದಾದ ಮೇಲೆ ಇನ್ನು ಒಂದು ಸಲ ಮಾತ್ರ.

ಕಾರ್ಖಾನೆಯಲ್ಲಿ ದಿನವಿಡೀ ಅದೇ ತಲೆಯಲ್ಲಿ ಕೊರೆಯಿತು. ಒಂದು ಸಲ ಅಂದರೆ ಏನು ಒಂದು ಸಲ? ಪಕ್ಕದ ಯಂತ್ರದವಳನ್ನು ಕೇಳಿದರೆ, "ನಮ್ಮನೇಲಿ ಟಿ.ವಿ.ನೇ ಸರಿಯಾಗಿ ಬರಲ್ಲ, ನೀನು ಕಂಪ್ಯೂಟರ್ ಕಥೆ ಹೇಳ್ತೀಯ," ಅಂತ ನಕ್ಕಳು. ಆ ಗೊಂದಲದಲ್ಲಿ ಒಂದು ಅಂಗಿಗೆ ಕಾಜಾವನ್ನು ಗುಂಡಿಯ ಪಟ್ಟಿ ಕಡೆ ಹೊಲಿದು, ಮೇಸ್ತ್ರಿಯ ಹತ್ತಿರ ಬೈಸಿಕೊಂಡದ್ದೂ ಆಯಿತು.

ಸಂಜೆ ಗಂಡನನ್ನು ಕರೆದುಕೊಂಡು ಕಂಪ್ಯೂಟರ್ ಮಾರಿದ ಅಂಗಡಿಗೆ ಹೋದಳು. ಅಂಗಡಿಯವನು ಬ್ರೆಡ್ಡನ್ನು ಚಹಾಕ್ಕೆ ಅದ್ದಿ ತಿನ್ನುತ್ತ, ನಿಧಾನವಾಗಿ ಬಿಡಿಸಿ ಹೇಳಿದ.

"ಡಿಸ್ಕಿಗೂ ದೇಶ ಅಂತ ಇರುತ್ತಮ್ಮ. ಆ ಕಡೆ ಮಾರಿದ್ದು ಒಂದು ಗುಂಪು, ನಮ್ಮ ಕಡೆ ಮಾರಿದ್ದು ಇನ್ನೊಂದು. ನಿಮ್ಮ ಯಂತ್ರ ಒಂದು ಹೊತ್ತಿಗೆ ಒಂದೇ ಗುಂಪಿನದನ್ನ ಓದುತ್ತೆ. ಇನ್ನೊಂದು ಗುಂಪಿನ ಡಿಸ್ಕು ಹಾಕಿದ್ರೆ ಬದಲಾಗ್ಲಾ ಅಂತ ಕೇಳುತ್ತೆ. ಐದು ಸಲ ಬದಲಾಯಿಸಬಹುದು. ಐದನೇ ಸಲ ಎಲ್ಲಿ ನಿಂತ್ಕೊಳ್ತೋ ಅಲ್ಲೇ ಪರ್ಮನೆಂಟು."

"ಯಾವ ಪುಣ್ಯಾತ್ಮ ಮಾಡಿದ ಇಂಥ ನಿಯಮ?" ಗಂಡ ಕೇಳಿದ.

"ವ್ಯಾಪಾರಸ್ಥರು. ಮಾರೋ ಮುಂಚೆ ನಾವು ಇಲ್ಲಿನ ಡಿಸ್ಕು ಹಾಕಿ ನೋಡ್ತೀವಿ, ಅದೊಂದು. ನೀವು ಎಷ್ಟು ಸಲ ಮಾಡಿದ್ರಿ?"

"ನಾನೊಂದು," ಅಂದ ಗಂಡ. "ಇವತ್ತು ನಾನೊಂದು," ಅಂದಳು ಸೊಸೆ. ಕೂಡಿದರೆ ಮೂರು. ಒಂದೇ ಉಳಿದಿದೆ ಅಂದಮೇಲೆ ನಾಲ್ಕಾಗಿರಬೇಕು. ನಾಲ್ಕನೆಯದು ಯಾರದು?

"ಮನೇಲಿ ಯಾರೋ ಇಲ್ಲಿನ ಡಿಸ್ಕು ಹಾಕಿದ್ದಾರೆ," ಅಂದ ಅಂಗಡಿಯವನು. "ಅದಕ್ಕೇ ಇವತ್ತು ಮತ್ತೆ ಕೇಳಿದ್ದು. ಇರೋದು ಇನ್ನು ಒಂದೇ. ಅದನ್ನೂ ನಿಮಗೆ ಬೇಕಾದ ಡಿಸ್ಕಿಗೇ ಕೊಟ್ಟು ಮುಗಿಸಿಬಿಡಿ. ಕೇಳಿದಾಗ ಹೂಂ ಅಂದ್ರೆ ಆಯ್ತು. ಆಮೇಲೆ ಯಾರು ಏನು ಹಾಕಿದ್ರೂ ಅದು ಜಗ್ಗಲ್ಲ. ಕೆಟ್ರೆ ಬೇರೆ ಡ್ರೈವ್ ಹಾಕ್ಬೇಕು, ನಿಮ್ಮದು ಹಳೇ ಮಾಡೆಲ್ಲು, ತರಿಸೋಕೆ ತಿಂಗಳ ಮೇಲಾಗುತ್ತೆ."

ರಾತ್ರಿ ಊಟಕ್ಕೆ ಕೂತಾಗ ವಿಚಾರಣೆ ಶುರುವಾಯಿತು.

"ಯಾರು ಮುಟ್ಟಿದ್ದು? ಹೇಳಿಬಿಡಿ, ನಾನೇನೂ ಮಾಡಲ್ಲ," ಅಂದ ಗಂಡ. ಏನೂ ಮಾಡಲ್ಲ ಅಂದವನ ಮುಖ ಕೆಂಪಗೆ ಕೆಂಡ.

"ನನ್ನ ಕೇಳ್ತೀಯಾ?" ಮಾವ ಸಿಡುಕಿದರು. "ಮಗಳು ಕಳಿಸಿದ್ದು ಬಿಟ್ಟು ಬೇರೆ ನೋಡೋಕೆ ನನಗೇನು ಮರುಳಾ?"

"ಅಮ್ಮ?"

"ಪಲ್ಯ ಹಾಕ್ಲಾ?" ಅಂದರು ಅತ್ತೆ.

ಗಂಡ ಹೆಂಡತಿಯ ಕಡೆ ತಿರುಗಿದ. "ನಿಮ್ಮ ಕಾರ್ಖಾನೆ ಹೆಂಗಸರು ಸಿನಿಮಾ ಡಿಸ್ಕು ಅದೂ ಇದೂ ಕೈ ಬದಲಾಯಿಸ್ತಾರಲ್ಲ..."

ಸೊಸೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದಳು. "ಬೆಳಗಾಗೆದ್ದು ಆರು ಜನದ ಕೆಲಸ ಮಾಡಿ ಬಸ್ಸಿಗೆ ಓಡ್ತೀನಿ, ಬಂದು ಪಾತ್ರೆಗೆ ಕೈ ಹಾಕ್ತೀನಿ. ಸಿನಿಮಾ ನೋಡೋಕೆ ಯಾವ ಹೊತ್ತಿದೆ ನನಗೆ, ನೀವೇ ಹೇಳಿ. ಚೌಕದಲ್ಲಿ ಏನಿದೆ ಓದೋಣ ಅಂದವಳು ನಾನು. ಒತ್ತಿದವರು ಯಾರು?"

"ಅಂದ್ರೆ ತಪ್ಪು ನಂದಾ?"

"ನಾನು ಹಾಗಂದ್ನಾ?"

"ಹಾಗೇ ಅಂದಂಗಾಯ್ತು!"

"ಸಾಕು ಮಾಡ್ರೋ," ಮಾವ ಎಡಗೈಯಿಂದ ಮೇಜು ಗುದ್ದಿದರು. "ನನ್ನ ಕೈ ನಿಮಗೆ ಜಗಳದ ಸಾಮಾನಾಗಿದೆ. ಇಲ್ಲಿ ಕತ್ತರಿ ಹಿಡಿಯೋ ಹೊತ್ತು ಹತ್ತಿರ ಬರ್ತಿದೆ, ಇವರಿಗೆ ಸಿನಿಮಾ ಚಿಂತೆ."

ಅತ್ತೆ ಅವರ ಬಾಯಿಗೆ ಒಂದು ದೊಡ್ಡ ತುತ್ತು ತುರುಕಿದರು. ಸೊಸೆ ಅರ್ಧ ಊಟಕ್ಕೇ ಎದ್ದಳು. ಮಾಡದ ತಪ್ಪಿಗೆ ತಲೆ ಕೊಟ್ಟಂತಾಗಿತ್ತು. ಗಂಡ ಹೆಂಡತಿ ಎರಡು ದಿನ ಮುಖ ಊದಿಸಿಕೊಂಡೇ ಓಡಾಡಿದರು. ಮಾತಾಡಬೇಕಾದಾಗ ಗೋಡೆಗೆ ಹೇಳಿದಂತೆ ಹೇಳುತ್ತಿದ್ದರು. "ಅಂಗಿ ಇಸ್ತ್ರಿ ಆಗಿಲ್ಲ." "ಇಸ್ತ್ರಿ ಪೆಟ್ಟಿಗೆ ಅಲ್ಲೇ ಇದೆ."

ಗಂಡ ಕಂಪ್ಯೂಟರಿಗೆ ಕಾವಲು ಹಾಕಿದ. ಕೆಲಸಕ್ಕೆ ಹೋಗುವಾಗ ವ್ಯಾಯಾಮದ ಡಿಸ್ಕೊಂದನ್ನು ಯಂತ್ರದೊಳಗೆ ತಾನೇ ಹಾಕಿ, ಡಿಸ್ಕು ಇಡುವ ತಟ್ಟೆಯ ಬಾಯಿಗೆ ಟೇಪು ಅಂಟಿಸಿ ಹೋಗುತ್ತಿದ್ದ. ಆ ಟೇಪು ನೋಡಿದರೆ ಸೊಸೆಗೆ ನಗು, ಸಿಟ್ಟು ಎರಡೂ ಬರುತ್ತಿತ್ತು. ಅತ್ತೆ ಮಾತ್ರ ಆ ಕೋಣೆ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಸಂಜೆ ಎದುರು ಮನೆ ನರ್ಸಮ್ಮ ಬಂದು ಕರೆದರೆ, "ಈಗ ಬೇಡ, ಆಮೇಲೆ ಕೊಡ್ತೀನಿ," ಅಂತ ಪಿಸುಗುಟ್ಟಿ ಕಳಿಸುತ್ತಿದ್ದರು. ಏನು ಕೊಡುತ್ತಾರೋ, ಯಾಕೆ ಪಿಸುಗುಡುತ್ತಾರೋ! ತನಗೊಂದೂ ಅರ್ಥವಾಗದ ಮನೆಯಲ್ಲಿ ತಾನೇ ಕಳ್ಳಿಯಾಗಿ ನಿಂತಿದ್ದೇನಲ್ಲ ಅಂತ ಸೊಸೆ ಒಳಗೊಳಗೇ ಕುದಿದಳು.

ಮಳೆಗಾಲ ಮುಗಿಯುತ್ತ ಬಂತು. ಪಾಲುದಾರನ ಫೋನು ಬಂತು. "ಭಾನುವಾರ ಸಂಜೆ ಬರ್ತೀನಿ, ಕೂತು ಮಾತಾಡೋಣ. ಕೈ ಹೇಗಿದೆ?"

"ಬಂದೇ ಬಿಡ್ತು ಅನ್ನು," ಅಂದರು ಮಾವ.

ಭಾನುವಾರ ಬೆಳಿಗ್ಗೆ ಗಂಡನಿಗೆ ಇದ್ದಕ್ಕಿದ್ದಂತೆ ಹುರುಪು ಬಂತು. "ಆ ಕೊನೇ ಸಲದ್ದನ್ನ ಇವತ್ತು ಮುಗಿಸಿಬಿಡ್ತೀನಿ. ಗಟ್ಟಿ ಮಾಡಿಬಿಟ್ರೆ ತಲೆನೋವು ತಪ್ಪುತ್ತೆ."

"ಈಗ ಓಡ್ತಾ ಇದೆಯಲ್ಲ, ಯಾಕೆ ಕೆಣಕ್ತೀರಿ?" ಅಂದಳು ಸೊಸೆ.

"ಬೀಗ ಹಾಕದೆ ಬಾಗಿಲು ಮುಚ್ಚಿದ್ರೆ ಏನು ಬಂತು? ಅಂಗಡಿಯವನೇ ಹೇಳಿದ್ನಲ್ಲ, ಕೇಳಿದಾಗ ಹೂಂ ಅನ್ನಿ ಅಂತ."

ಮೊದಲನೆಯ ಡಿಸ್ಕು ಹಾಕಿದ. ಬಿಳಿ ಷರ್ಟಿನವಳು ಬಂದಳು, ಚೌಕ ಬರಲಿಲ್ಲ. "ಕೇಳ್ಲೇ ಇಲ್ವಲ್ಲ ಇದು," ಅಂತ ತೆಗೆದ. ಎರಡನೆಯದು ಹಾಕಿದ. ಅವಳೇ ಬಂದಳು, ಚೌಕವಿಲ್ಲ. ಮೂರನೆಯದಕ್ಕೂ ಇಲ್ಲ. ಕೇಳಬೇಕಾದದ್ದನ್ನು ಕೇಳದ ಯಂತ್ರವನ್ನು ನೋಡಿ ಲಿಫ್ಟ್ ಮೆಕ್ಯಾನಿಕ್ ತಲೆ ಕೆರೆದುಕೊಂಡ. ನಾಲ್ಕನೆಯದು ಇನ್ನೂ ಯಾರೂ ಮುಟ್ಟದ ಡಿಸ್ಕು. ಮಾವ ಅಲ್ಲಿಗೆ ತಲುಪಿರಲೇ ಇಲ್ಲ. ಅದರ ಕವರು ಬಿಚ್ಚಿ ತೆಗೆದ. ಆ ಡಿಸ್ಕುಗಳ ಮೇಲೆ ಚಿತ್ರವಾಗಲಿ ಹೆಸರಾಗಲಿ ಇರಲಿಲ್ಲ. ಎರಡೂ ಮಗ್ಗುಲು ಬೆಳ್ಳಗೆ ಹೊಳೆಯುವುದು, ನಡುವಿನ ಉಂಗುರದಲ್ಲಿ ಇರುವೆಯಷ್ಟು ಅಕ್ಷರ. ಅಷ್ಟು ಸಣ್ಣದನ್ನು ಓದುವ ಪೈಕಿಯೇ ಅಲ್ಲ ನಮ್ಮ ಗಂಡಸು. ಹಾಕಿದ.

ಚೌಕ ಬಂತು. ಬದಲಾಯಿಸಲಾ? ಇದೇ ಕೊನೆಯ ಸಲ. ಖಂಡಿತವಾ?

"ಬಂತು ನೋಡು!" ಗಂಡ ಕುಣಿದೇಬಿಟ್ಟ.

"ರೀ, ಒಂದು ನಿಮಿಷ. ಮೂರೂ ಸುಮ್ನೆ ಓಡಿದ್ವು, ಇದೊಂದು ಯಾಕೆ..."

"ಹೂಂ!" ಅಂತ ಬಾಯಲ್ಲೂ ಅಂದು, ಬೆರಳಲ್ಲೂ ಒತ್ತಿದ.

ಒಂದು ಕ್ಷಣ ಪರದೆ ಕಪ್ಪಾಯಿತು. ಆಮೇಲೆ ಪಿಟೀಲು ಮೊಳಗಿತು. ದೊಡ್ಡ ಮನೆಯೊಂದರ ಮೆಟ್ಟಿಲು ಇಳಿಯುತ್ತ ಒಡವೆ ಹೇರಿಕೊಂಡ ಅತ್ತೆಯೊಬ್ಬಳು, ಕೆಳಗೆ ಕಣ್ಣೀರು ಸುರಿಸುವ ಸೊಸೆಯೊಬ್ಬಳು, ನಡುವೆ ಅಡಿಗಡಿಗೆ ಗುಡುಗು. ಧಾರಾವಾಹಿ!

ಪಿಟೀಲಿನ ಸದ್ದು ತಾರಸಿ ಮುಟ್ಟಿತು. ಅಲ್ಲಿ ಬಟ್ಟೆ ಒಣಗಿಸುತ್ತಿದ್ದ ಅತ್ತೆ ಒದ್ದೆ ಟವೆಲು ಹಿಡಿದುಕೊಂಡೇ ಧಡಧಡ ಇಳಿದು ಬಂದರು. "ಅಯ್ಯಯ್ಯೋ, ಅದನ್ಯಾಕೋ ಹಾಕಿದೆ! ಅದು ನರ್ಸಮ್ಮಂದು!"

ಅಷ್ಟೇ, ಗುಟ್ಟು ರಟ್ಟಾಯಿತು. ನರ್ಸಮ್ಮ ಕೊಟ್ಟ ಧಾರಾವಾಹಿ ಡಿಸ್ಕನ್ನು ಅತ್ತೆ ಒಂದೇ ಒಂದು ಮಧ್ಯಾಹ್ನ ಹಾಕಿ ನೋಡಿದ್ದರು. ಯಂತ್ರ ಕೇಳಿತು, ಮನೆಯ ಕಾನೂನಿನ ಪ್ರಕಾರ ಹೂಂ ಅಂದರು. ಮಾರನೆಯ ದಿನ ರಾದ್ಧಾಂತವಾದಾಗ ಹೆದರಿ, ಯಾರೂ ಮುಟ್ಟದ ಜಾಗ ಅಂತ ನಾಲ್ಕನೇ ಕವರಿನಲ್ಲಿ ಬಚ್ಚಿಟ್ಟಿದ್ದರು. ಕವರಿನ ನಿಜವಾದ ಡಿಸ್ಕು ಅಕ್ಕಿ ಡಬ್ಬದ ಹಿಂದಿತ್ತು. ಗಂಡ ಅದನ್ನು ತಂದು ಹಾಕಿದ. ಈ ಸಲ ಚೌಕ ಬಂತು, ಆದರೆ ಏನೂ ಕೇಳಲಿಲ್ಲ. ಓದಲಾಗದು, ಅಷ್ಟೇ. ಮೊದಲಿನ ಮೂರನ್ನೂ ಹಾಕಿ ನೋಡಿದ, ಓದಲಾಗದು. ಬಿಳಿ ಷರ್ಟಿನವಳು ಶಾಶ್ವತವಾಗಿ ಹೊರಟುಹೋಗಿದ್ದಳು.

ಸೊಸೆಗೆ ಮೊದಲು ಅನ್ನಿಸಿದ್ದು, ಸದ್ಯ, ನಾನಲ್ಲ ಅಂತ ಗೊತ್ತಾಯಿತಲ್ಲ. ಆಮೇಲೆ ಮಾವನ ಮುಖ ನೋಡಿ ಆ ಸಮಾಧಾನವೂ ಹೋಯಿತು.

"ಅಲ್ಲ ಕಣೇ," ಮಾವ ಹೆಂಡತಿಯ ಕಡೆ ತಿರುಗಿದರು. "ನನ್ನ ಕೈಗಿಂತ ನಿನಗೆ ಧಾರಾವಾಹಿ ಹೆಚ್ಚಾಯ್ತಾ?"

"ತಪ್ಪಾಯ್ತು ರೀ," ಅತ್ತೆ ಟವೆಲನ್ನು ಹಿಂಡುತ್ತ ನಿಂತರು. "ಒಂದು ಮಧ್ಯಾಹ್ನ, ಒಂದೇ ಗಂಟೆ. ಬೆಳಗಿನಿಂದ ಸ್ನಾನ ಮಾಡಿಸೋದು, ಉಣಿಸೋದು, ಒಗೆಯೋದು, ನನಗೂ ಬೇಸರ ಬರಲ್ವಾ? ಹೀಗಾಗುತ್ತೆ ಅಂತ ನನಗೇನು ಗೊತ್ತು?"

"ಗೊತ್ತಿಲ್ಲದಿದ್ರೆ ಮುಟ್ಟಬಾರ್ದಿತ್ತು! ಇನ್ನು ನಾಲ್ಕು ದಿನ ಆಗಿದ್ರೆ ಕತ್ತರಿ ಹಿಡೀತಿದ್ದೆ. ಹಾಳು ಮಾಡಿದೆ. ನನ್ನ ಕುರ್ಚಿ ಕಿತ್ತುಕೊಂಡವಳು ನೀನೇ."

ಅತ್ತೆಯ ಕೈಯಲ್ಲಿ ಟವೆಲು ನಿಂತಿತು.

"ಯಾವ ಕೈಲಿ ಹಿಡೀತಿದ್ರಿ?" ಅಂದರು.

ಮಾವ ಎಡಗೈಯಿಂದ ಬಲಗೈಯನ್ನು ಮುಚ್ಚಿಕೊಂಡರು.

"ಹೇಳಿ, ಯಾವ ಕೈಲಿ? ಪಾತ್ರೆ ತೊಳೆಯೋ ಜಾಗಕ್ಕೆ ಈ ಕೋಣೆ ಕಿಟಕಿ ಕಾಣುತ್ತೆ, ಕಿಟಕಿ ಬಟ್ಟೆ ಪೂರ್ತಿ ಮುಚ್ಚಲ್ಲ. ದಿನಾ ನೋಡ್ತೀನಿ ನಾನು. ಅವಳು ಕೈ ಎತ್ತು ಅಂತಾಳೆ, ಬೆರಳು ಬಿಚ್ಚು ಅಂತಾಳೆ. ನೀವು ಕಲ್ಲಿನ ಹಾಗೆ ಕೂತಿರ್ತೀರಿ. ಮುಗಿದ ಮೇಲೆ ಹಣೆಗೆ ನೀರು ಹಚ್ಕೊಂಡು ಹೊರಗೆ ಬರ್ತೀರಿ. ಬರ್ತಾ ಇದೆ, ಬರ್ತಾ ಇದೆ! ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ಕಾದೆ. ಎಲ್ಲ ಹೊಟ್ಟೆಗೆ ಹಾಕ್ಕೊಂಡೆ. ಈಗ ಕುರ್ಚಿ ಹೋಗಿದ್ದು ನನ್ನಿಂದಾನಾ?"

ಸೊಸೆ ಕಣ್ಣುಕಣ್ಣು ಬಿಟ್ಟಳು. ಇಷ್ಟು ವಾರ ಈ ಮನೆ ಯಾವುದಕ್ಕಾಗಿ ಕಚ್ಚಾಡಿತು? ಯಾರಿಗಾಗಿ ಟೇಪು, ಯಾರಿಗಾಗಿ ಕಾವಲು? ಬೈಯುವುದಾದರೆ ಯಾರನ್ನು ಬೈಯಬೇಕು ಅನ್ನುವುದೇ ತಿಳಿಯಲಿಲ್ಲ.

"ಅಪ್ಪ?" ಅಂದ ಗಂಡ.

ಮಾವ ತಲೆ ತಗ್ಗಿಸಿದರು. "ಮಾಡಿದೆ ಕಣೋ. ಮೊದಮೊದಲು ಮಾಡಿದೆ. ಒಂದು ಬೆರಳೂ ಬಿಚ್ಚಲಿಲ್ಲ. ಅವಳಿಗೇನು, ನಾನು ಬಿಚ್ಚಿದ್ರೂ ನಗ್ತಾಳೆ, ಬಿಚ್ಚದಿದ್ರೂ ನಗ್ತಾಳೆ, ನಗ್ತಾ ಮುಂದಿನದಕ್ಕೆ ಹೋಗ್ತಾಳೆ. ಹೊರಗೆ ಬಂದ್ರೆ ಎಲ್ರೂ ಹೇಗಿದೆ ಹೇಗಿದೆ ಅಂತ ಬಾಯಿ ನೋಡ್ತೀರಿ. ಹೂಂ ಅಂದ್ರೆ ಎಲ್ರ ಮುಖಾನೂ ಅರಳೋದು. ನಿನ್ನ ತಂಗಿ ಫೋನಲ್ಲಿ ಅತ್ತೇಬಿಟ್ಲು ಖುಷಿಗೆ. ಇನ್ನು ಹೇಗಪ್ಪ ಇಲ್ಲ ಅನ್ನಲಿ?" ಅವರ ಕಣ್ಣಿಂದ ನೀರು ಇಳಿದು ಮೀಸೆಯಲ್ಲಿ ಸೇರಿತು. ಒರೆಸಿಕೊಳ್ಳಲು ಎಡಗೈಯನ್ನೂ ಎತ್ತಲಿಲ್ಲ.

ಮಧ್ಯಾಹ್ನದ ಊಟ ಯಾರಿಗೂ ಸೇರಲಿಲ್ಲ. ಅತ್ತೆ ತುತ್ತು ಕೊಟ್ಟರು, ಮಾವ ತಿಂದರು, ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಪಾಲುದಾರರಿಗೆ ಬರಬೇಡಿ ಅಂತ ಫೋನ್ ಮಾಡಲಾ ಅಂತ ಗಂಡ ಕೇಳಿದ. "ಬರ್ಲಿ," ಅಂದರು ಮಾವ.

ಸಂಜೆ ಪಾಲುದಾರ ಕಿತ್ತಳೆಹಣ್ಣಿನ ಚೀಲ ಹಿಡಿದುಕೊಂಡು ನಗುತ್ತಲೇ ಬಂದ. "ಎಲ್ಲಿ, ತೋರಿಸಪ್ಪ ನಿನ್ನ ಕೈ!"

ಸೊಸೆ ಚಹಾ ತಂದವಳು ಬಾಗಿಲಲ್ಲೇ ನಿಂತಳು. ಅತ್ತೆ ಏನಾದರೂ ಅಂದುಬಿಡುತ್ತಾರೇನೋ ಅಂತ ನೋಡಿದಳು. ಅತ್ತೆ ಗೋಡೆಗೊರಗಿ ನೆಲ ನೋಡುತ್ತಿದ್ದರು.

ಮಾವ ಎಡಗೈಯಿಂದ ಬಲಗೈಯನ್ನು ಎತ್ತಿ ಮೇಜಿನ ಮೇಲೆ ಇಟ್ಟರು. "ಇಷ್ಟೇ ನೋಡು. ಬಿದ್ದ ದಿನ ಹೇಗಿತ್ತೋ ಹಾಗೇ ಇದೆ."

ಪಾಲುದಾರನ ನಗು ಅರ್ಧಕ್ಕೇ ನಿಂತಿತು. "ಮತ್ತೆ ಫೋನಲ್ಲಿ..."

"ಸುಳ್ಳು ಹೇಳಿದೆ."

ಅವನು ಕನ್ನಡಕ ತೆಗೆದು ಅಂಗಿಯಂಚಿಗೆ ಒರೆಸಿದ. ಹಾಕಿಕೊಂಡ. ಮತ್ತೆ ತೆಗೆದ. "ಒಬ್ಬ ಒಳ್ಳೇ ಕೆಲಸಗಾರ ಕೇಳ್ಕೊಂಡು ಬಂದಿದ್ದ ಕಣಯ್ಯ. ನಿನ್ನ ಮಾತು ನಂಬಿ ಕಳಿಸಿಬಿಟ್ಟೆ. ಅವನೀಗ ಬೇರೆ ಕಡೆ ಸೇರ್ಕೊಂಡ. ಒಬ್ಬನೇ ನಿಂತು ನಿಂತು ನನ್ನ ಸೊಂಟ ಬಿದ್ದುಹೋಗಿದೆ. ಮೊದಲೇ ಒಂದು ಮಾತು ಹೇಳೋಕೇನಾಗಿತ್ತು ನಿನಗೆ?"

"ತಪ್ಪಾಯ್ತು. ಕುರ್ಚಿಗೆ ಯಾರನ್ನಾದ್ರೂ ಹುಡುಕು."

"ಹುಡುಕ್ತೀನಿ, ಹುಡುಕದೆ ಇನ್ನೇನು ಮಾಡ್ಲಿ?" ಚಹಾ ಕುಡಿಯದೆಯೇ ಎದ್ದ. ಬಾಗಿಲ ತನಕ ಹೋದವನು ತಿರುಗಿ, "ಸುಮ್ನೆ ಕೂತಿರೋಕಾದ್ರೂ ಬಾರಯ್ಯ ಅಂಗಡಿಗೆ," ಅಂದ. ಮಾವ ಮೇಜಿನ ಮೇಲಿದ್ದ ಬಲಗೈಯನ್ನು ಎಡಗೈಯಿಂದ ಎತ್ತಿ ಮತ್ತೆ ತೊಡೆಯ ಮೇಲಿಟ್ಟುಕೊಂಡರು.

ಮರುದಿನ ಸೋಮವಾರ. ಸೊಸೆ ಡಬ್ಬಿ ಕಟ್ಟಿಕೊಂಡು ಹೊರಟಾಗ ಮಾವನ ಕೋಣೆಯ ಬಾಗಿಲು ತೆರೆದೇ ಇತ್ತು. ಕಂಪ್ಯೂಟರ್ ಆರಿತ್ತು. ಅದಕ್ಕೆ ಬೆನ್ನು ಮಾಡಿ ಅತ್ತೆ ಸ್ಟೂಲಿನ ಮೇಲೆ ಕೂತಿದ್ದರು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಮಾವ. ಅಷ್ಟೂ ದಿನ ಕಿಟಕಿಯಿಂದ ನೋಡಿದ್ದು ಅತ್ತೆಗೆ ಬಾಯಿಪಾಠವಾಗಿತ್ತು. ಕೈಯನ್ನು ಮುಂದೆ ಚಾಚಿ, ಬೆರಳು ಮಡಚಿ, ಒಂದೊಂದಾಗಿ ಬಿಚ್ಚಿ ತೋರಿಸಿದರು.

"ನೀನು ಎಡಗೈ ಮಾಡ್ತಿದ್ದೀಯ ಕಣೇ."

"ಎದುರಿಗೆ ಕೂತಿದ್ದೀನಿ, ನಿಮಗೆ ಸರಿಯಾಗೇ ಕಾಣುತ್ತೆ. ಬಾಯಿ ಮುಚ್ಕೊಂಡು ಹೆಬ್ಬೆರಳು ಬಿಚ್ಚಿ."

ಮಾವನ ಕತ್ತಿನ ನರ ಉಬ್ಬಿತು, ಭುಜ ಮೇಲೆದ್ದಿತು, ಹಣೆಯಲ್ಲಿ ಬೆವರೊಡೆಯಿತು. ಸೊಸೆಗೆ ಬಸ್ಸು ನೆನಪಾಯಿತು, ಆದರೂ ಕಾಲು ಏಳಲಿಲ್ಲ.

"ಬಂತಾ?" ಅಂದರು ಅತ್ತೆ.

ಮಾವ ತಲೆಯೆತ್ತಿ ಹೆಂಡತಿಯನ್ನು ನೋಡಿದರು, ಬಾಗಿಲಲ್ಲಿ ನಿಂತ ಸೊಸೆಯನ್ನೂ ನೋಡಿದರು.

"ಇಲ್ಲ."

"ಹಾಗಾದ್ರೆ ಮುಂದಿನದು ಬೇಡ," ಅಂದರು ಅತ್ತೆ. "ಇದನ್ನೇ ಇನ್ನೊಂದು ಸಲ."